ಅಯ್ಯನವರು ದೊಡ್ಡವರೋ, ಕಮಿಟಿ ದೊಡ್ಡದೋ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯ ಸದಸ್ಯ. ಈ ಸಲ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಗೆ ನಿಲ್ಲು ಅಂತ ಹಿರಿಯರು ಒತ್ತಾಯ ಮಾಡುತ್ತಿದ್ದಾರೆ. ಕಮಿಟಿಗೆ ನಿಜವಾಗಿ ಏನು ಅಧಿಕಾರ ಇದೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಹೆಂಡತಿ ಕ್ಯಾಥೊಲಿಕ್. ಅವಳ ಧರ್ಮಕೇಂದ್ರದಲ್ಲಿ, ಅಂದರೆ ಅವಳ ಚರ್ಚಿನಲ್ಲಿ, ಪಾಲನಾ ಪರಿಷತ್ತು ಇದೆ, ಆದರೆ ಎಲ್ಲ ಸ್ವಾಮಿಗಳು (ಅಲ್ಲಿನ ಗುರುಗಳು) ಹೇಳಿದ ಹಾಗೇ ನಡೆಯುತ್ತೆ ಅಂತಾಳೆ. ತಂಗಿ ಹೊರಮಾವು ಕಡೆ ಒಂದು ಸ್ವತಂತ್ರ ಸಭೆಗೆ ಹೋಗುತ್ತಾಳೆ. ಅಲ್ಲಿ ಕಮಿಟಿಯೇ ಕಾಣಲ್ಲ. ಇದೆಲ್ಲ ಹೇಗೆ? ನಾನು ನಿಲ್ಲಬೇಕಾ, ಬೇಡವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಸಭೆಯಲ್ಲಿ ಆರಾಧನೆ, ಪ್ರಸಂಗ, ಸಂಸ್ಕಾರಗಳ ವಿಷಯಕ್ಕೆ ಅಯ್ಯನವರ, ಅಂದರೆ ಸಭೆಯ ಪಾಲಕರ, ಮಾತು ನಡೆಯುತ್ತದೆ. ದಿನನಿತ್ಯದ ದುಡ್ಡಿನ ವಿಷಯಕ್ಕೆ ಕಮಿಟಿಯ ಮಾತು. ಅಯ್ಯನವರ ವರ್ಗಾವಣೆ ಬಿಷಪ್ಪರ ಕೈಲಿದೆ. ಚರ್ಚ್ ನಿಂತಿರುವ ಜಾಗದ ಮೇಲೆ ಇವರ್ಯಾರಿಗೂ ಒಡೆತನ ಇಲ್ಲ. ಹೀಗಿರುವಾಗ ಯಾರು ದೊಡ್ಡವರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳದೆ ಇನ್ನೇನು ಮಾಡುತ್ತಾರೆ? ಯಾವ ವಿಷಯಕ್ಕೆ ಕೊನೇ ಸಹಿ ಯಾರದು ಅಂತ ಕೇಳಿ. ಆಗ ಉತ್ತರ ಸಿಗುತ್ತದೆ. ಈ ಪ್ರಶ್ನೆ ನಿಮ್ಮ ಸಭೆಗೂ ಆಗುತ್ತದೆ, ನಿಮ್ಮ ಮನೆಯವರ ಧರ್ಮಕೇಂದ್ರಕ್ಕೂ ಆಗುತ್ತದೆ, ತಂಗಿಯ ಸಭೆಗೂ ಆಗುತ್ತದೆ.

ನಾನು ಲೆಕ್ಕದ ಕಡೆಯವನು. ಚರ್ಚುಗಳ ಲೆಕ್ಕ ಆಡಿಟ್ ಮಾಡಿದ್ದೇನೆ, ನಮ್ಮ ಸಭೆಗೆ ಖಜಾಂಚಿಯಾಗಿಯೂ ಇದ್ದೆ. ಹಾಗಾಗಿ ಇಲ್ಲಿ ದೇವಶಾಸ್ತ್ರ ಕಮ್ಮಿ, ರಸೀದಿ ಪುಸ್ತಕ ಜಾಸ್ತಿ. ಬೇಸರ ಮಾಡಿಕೊಳ್ಳಬೇಡಿ.

ಮೊದಲು ಈ ಕಮಿಟಿ ಎಲ್ಲಿಂದ ಬಂತು ಅಂತ ನೋಡೋಣ. ಅದು ಗೊತ್ತಾದರೆ ಈಗಿನ ಅರ್ಧ ಜಗಳ ಅರ್ಥವಾಗುತ್ತದೆ. ಬೆಂಗಳೂರಿನವರಿಗೆ ಇದಕ್ಕೆ ಪುಸ್ತಕವೂ ಬೇಡ, ಒಂದು ಮಧ್ಯಾಹ್ನ ಸುತ್ತಾಡಿದರೆ ಸಾಕು. ಕಾರ್ಪೊರೇಷನ್ ಹತ್ತಿರ ಹಡ್ಸನ್ ಸ್ಮಾರಕ ಚರ್ಚ್ ಇದೆಯಲ್ಲ, 1904ರದ್ದು, ಅದು ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಷನ್‌ನವರದ್ದು. ಅಲ್ಲಿಂದ ಅವೆನ್ಯೂ ರೋಡಿಗೆ ಹೋದರೆ ರೈಸ್ ಸ್ಮಾರಕ ಚರ್ಚ್ ಸಿಗುತ್ತದೆ. ಅದು ಲಂಡನ್ ಮಿಷನ್‌ನವರದ್ದು. ಆ ಹೆಸರಿನ ಬೆಂಜಮಿನ್ ರೈಸ್ ಯಾರು ಗೊತ್ತಾ? ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ತಂದೆ. ಎಂ.ಜಿ. ರೋಡಿನ ತುದಿಯಲ್ಲಿ ಸೇಂಟ್ ಮಾರ್ಕ್ಸ್ ಇದೆ, 1812ರಷ್ಟು ಹಳೆಯದು, ಆಂಗ್ಲಿಕನ್ನರದ್ದು. ಕಬ್ಬನ್ ರೋಡಿನಲ್ಲಿ ಸೇಂಟ್ ಆಂಡ್ರೂಸ್, 1866ರದ್ದು, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು ಕಟ್ಟಿಕೊಂಡದ್ದು. ಇವತ್ತು ನಾಲ್ಕೂ ಸಿ.ಎಸ್.ಐ. ಚರ್ಚುಗಳೇ. ಆದರೆ ಹುಟ್ಟಿದಾಗ ನಾಲ್ಕರ ಆಡಳಿತವೂ ನಾಲ್ಕು ಥರ.

ಆಂಗ್ಲಿಕನ್ನರಲ್ಲಿ ಮೇಲೆ ಬಿಷಪ್, ಕೆಳಗೆ ಪ್ರತಿ ಚರ್ಚಿಗೂ ವಾರ್ಡನ್‌ಗಳು. ಈ ವಾರ್ಡನ್‌ಗಳು ಪಾದ್ರಿಗಳಲ್ಲ, ಊರಿನ ಸದಸ್ಯರು. ಕಟ್ಟಡ, ಸಾಮಾನು, ಕಾಣಿಕೆ ನೋಡಿಕೊಳ್ಳುವುದು ಅವರ ಕೆಲಸ. ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪ್ ಇಲ್ಲವೇ ಇಲ್ಲ. ಸದಸ್ಯರು ಆರಿಸಿದ ಹಿರಿಯರ ಕೂಟ ಇರುತ್ತದೆ, ಪಾಲಕರು ಅವರ ಜೊತೆ ಕೂತೇ ತೀರ್ಮಾನ ಮಾಡಬೇಕು. ಇದರ ಬೇರು 1541ರ ಜಿನೀವಾದಲ್ಲಿದೆ. ಅಲ್ಲಿ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಸಭೆಯ ಸೇವೆಯನ್ನು ಪಾಲಕರು, ಬೋಧಕರು, ಹಿರಿಯರು, ಸಭಾಸೇವಕರು ಅಂತ ನಾಲ್ಕಾಗಿ ಹಂಚಿದರು. ಲಂಡನ್ ಮಿಷನ್‌ನವರದು ಕಾಂಗ್ರಿಗೇಷನಲ್ ಪದ್ಧತಿ. ಎಲ್ಲ ಸದಸ್ಯರೂ ಸೇರಿ ಕೂತರೆ ಆ ಕೂಟವೇ ಸುಪ್ರೀಂ ಕೋರ್ಟು, ಅದರ ಮೇಲೆ ಯಾರೂ ಇಲ್ಲ.

ವೆಸ್ಲಿಯವರದು ಇನ್ನೊಂದು ಕಥೆ. ನನಗೆ ಬಹಳ ಇಷ್ಟವಾದದ್ದು ಇದೇ. 1742ರಲ್ಲಿ ಬ್ರಿಸ್ಟಲ್ ಊರಿನ ಪ್ರಾರ್ಥನಾ ಮಂದಿರದ ಮೇಲೆ ಸಾಲ ಇತ್ತು. ತೀರಿಸಲು ಒಂದು ಉಪಾಯ ಮಾಡಿದರು. ಸದಸ್ಯರನ್ನು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬ ಮುಖಂಡನನ್ನು ನೇಮಿಸಿದರು. ಅವನು ವಾರಕ್ಕೆ ಒಂದು ಪೆನ್ನಿಯಂತೆ ವಸೂಲಿ ಮಾಡಬೇಕು. ಕೊಡಲಾಗದ ಬಡವರ ಪಾಲನ್ನು ಅವನೇ ತುಂಬಬೇಕು. ಮನೆಮನೆಗೆ ಹೋದಾಗ ಅವನಿಗೆ ಬೇರೆ ವಿಷಯಗಳೂ ಗೊತ್ತಾದವು. ಒಂದು ಮನೆಯಲ್ಲಿ ಕಾಯಿಲೆ, ಇನ್ನೊಂದರಲ್ಲಿ ಕುಡಿತ, ಮತ್ತೊಂದರಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಈ ಪಂಥ ಶುರು ಮಾಡಿದ ಜಾನ್ ವೆಸ್ಲಿ ಅವರಿಗೆ ಆಗ ಹೊಳೆಯಿತು, ಇದು ಬರೀ ವಸೂಲಿ ಅಲ್ಲ, ಪಾಲನೆಯ ಕೆಲಸ ಅಂತ. ನಮ್ಮ ಸಭೆಗಳಲ್ಲಿ ಇವತ್ತು ಬಡಾವಣೆಗೊಬ್ಬ ಏರಿಯಾ ಲೀಡರ್ ಇರುತ್ತಾರಲ್ಲ, ಅವರು ಈ ಮುಖಂಡನ ದೂರದ ಮೊಮ್ಮಕ್ಕಳು ಅಂದರೂ ತಪ್ಪಿಲ್ಲ. ಈಗ ಚಂದಾ ಎಲ್ಲ ಫೋನಿನಲ್ಲೇ ಬರುತ್ತದೆ. ಖಜಾಂಚಿಗೆ ಆರಾಮ. ಆದರೆ ಚಂದಾ ನೆಪದಲ್ಲಿ ಆಗುತ್ತಿದ್ದ ಮನೆ ಭೇಟಿ ನಿಂತೇ ಹೋಯಿತು. ಕಮಿಟಿಗೆ ಬಂದರೆ ನೀವು ಇದರ ಬಗ್ಗೆ ಏನಾದರೂ ಮಾಡಿ ಅಂತ ನನ್ನ ಸ್ವಾರ್ಥದ ಕೋರಿಕೆ.

ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಇಬ್ಬರೂ 1908ರಲ್ಲೇ ಒಂದಾಗಿದ್ದರು. ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಅವರ ಜೊತೆ ಆಂಗ್ಲಿಕನ್ನರು, ವೆಸ್ಲಿಯವರು ಸೇರಿ ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಎಲ್ಲರೂ ತಮ್ಮ ತಮ್ಮ ಪದ್ಧತಿಯನ್ನೂ ತಂದರು. ಬಿಷಪ್ ಉಳಿದರು, ಆರಿಸಿದ ಹಿರಿಯರೂ ಉಳಿದರು, ಜನರಲ್ ಬಾಡಿಯೂ ಉಳಿಯಿತು, ಪಾಲಕರ ವರ್ಗಾವಣೆಯೂ ಉಳಿಯಿತು. ನಿಮ್ಮ ಸಭೆಯಲ್ಲಿ ಒಬ್ಬ ಹಿರಿಯರು 'ಜನರಲ್ ಬಾಡಿ ಹೇಳಿದ್ದೇ ಅಂತಿಮ' ಅಂದರೆ, ಪಕ್ಕದವರು 'ಬಿಷಪ್ ಹೇಳಿದ ಮೇಲೆ ಮುಗೀತು' ಅಂದರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ತಾತನ ಕಾಲದ ಚರ್ಚಿನ ನಿಯಮ ಹೇಳುತ್ತಿದ್ದಾರೆ ಅಷ್ಟೇ.

ಒಂದು ಎಚ್ಚರಿಕೆ. ರಿಚ್ಮಂಡ್ ಟೌನ್ ಕಡೆಯ ಮೆಥಡಿಸ್ಟ್ ಚರ್ಚಿನ ಸ್ನೇಹಿತರನ್ನು ಕೇಳಿ ನಿಮ್ಮ ಸಭೆಗೆ ನಿಯಮ ಹುಡುಕಬೇಡಿ. ಅದು ಅಮೆರಿಕದ ಮೆಥಡಿಸ್ಟ್ ಮಿಷನ್‌ನಿಂದ ಬಂದದ್ದು, 1947ರ ಕೂಟಕ್ಕೆ ಸೇರಲಿಲ್ಲ. 1981ರಿಂದ ಅವರದು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಅಂತ ಬೇರೆಯೇ ಸಂಸ್ಥೆ, ನಿಯಮದ ಪುಸ್ತಕವೂ ಬೇರೆ.

ಈಗ ನಿಮ್ಮ ಪಾಸ್ಟರೇಟ್ ಕಮಿಟಿಯ (ಪಿ.ಸಿ.) ವಿಷಯ. ಅಯ್ಯನವರೇ ಅದರ ಅಧ್ಯಕ್ಷರು. ಅವರನ್ನು ಯಾರೂ ಚುನಾಯಿಸುವುದಿಲ್ಲ, ಆ ಸ್ಥಾನಕ್ಕೆ ಬಂದ ಕಾರಣಕ್ಕೇ ಅಧ್ಯಕ್ಷರು. ಉಳಿದವರನ್ನು ಸಭೆ ಆರಿಸುತ್ತದೆ. ಅವರಲ್ಲಿ ಒಬ್ಬರು ಕಾರ್ಯದರ್ಶಿ, ಒಬ್ಬರು ಖಜಾಂಚಿ. ಎಷ್ಟು ಜನ, ಎಷ್ಟು ವರ್ಷದ ಅವಧಿ, ಮಹಿಳೆಯರಿಗೆ ಯುವಕರಿಗೆ ಎಷ್ಟು ಸ್ಥಾನ ಅನ್ನೋದನ್ನು ಒಬ್ಬ ಬಿಷಪ್ಪರ ಆಡಳಿತದ ಪ್ರದೇಶವಾದ ಡಯೋಸಿಸ್‌ನ ನಿಯಮಾವಳಿ ಹೇಳುತ್ತದೆ. ಬೇರೆ ಡಯೋಸಿಸ್‌ನಲ್ಲಿರುವ ಅಣ್ಣತಮ್ಮಂದಿರ ಸಭೆಯಲ್ಲಿ ಬೇರೆ ಲೆಕ್ಕ ಇದ್ದರೆ ಆಶ್ಚರ್ಯ ಪಡಬೇಡಿ. ಮೈಸೂರು ಡಯೋಸಿಸ್ ಅಂತ ಒಂದೇ ಇದ್ದದ್ದು 1970ರಲ್ಲಿ ಮಧ್ಯ, ಉತ್ತರ, ದಕ್ಷಿಣ ಅಂತ ಮೂರಾಯಿತು. ಬೆಂಗಳೂರು ಬರುವುದು ಕರ್ನಾಟಕ ಮಧ್ಯ ಡಯೋಸಿಸ್‌ಗೆ.

ಜಗಳ ಶುರುವಾಗೋದು ಚುನಾವಣೆಯ ದಿನ ಅಲ್ಲ, ಓಟರ್ ಲಿಸ್ಟ್ ಹಾಕಿದ ದಿನ. ಸಭೆಯಲ್ಲಿ ಓಟು ಹಾಕೋಕೆ ದೀಕ್ಷಾಸ್ನಾನ ಆಗಿರಬೇಕು, ದೃಢೀಕರಣ ಆಗಿರಬೇಕು, ಕರ್ತನ ಭೋಜನಕ್ಕೆ ಬರುವವರಾಗಿರಬೇಕು, ಚಂದಾ ಬಾಕಿ ಇರಬಾರದು. ಕೇಳೋಕೆ ಸುಲಭ. ಆದರೆ ಬೆಂಗಳೂರು ಬೆಳೆದ ರೀತಿ ನೋಡಿ. ಶಾಂತಿನಗರದಲ್ಲಿದ್ದ ಕುಟುಂಬ ಯಲಹಂಕಕ್ಕೆ ಹೋಯಿತು. ಮಗ ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ತಗೊಂಡ. ಭಾನುವಾರ ಮನೆ ಹತ್ತಿರದ ಯಾವುದೋ ಸಭೆಗೆ ಹೋಗುತ್ತಾರೆ. ಆದರೆ ಹೆಸರು ಮಾತ್ರ ಹಳೇ ಚರ್ಚಿನಲ್ಲೇ ಇದೆ. ಮದುವೆಗೆ, ದೀಕ್ಷಾಸ್ನಾನಕ್ಕೆ, ಮಣ್ಣಿಗೆ ಸಭೆಯ ಪತ್ರ ಬೇಕು ಅನ್ನೋ ಭಯ. ಇವರು ವರ್ಷಕ್ಕೊಮ್ಮೆ ಬಾಕಿ ಚಂದಾ ಒಟ್ಟಿಗೆ ಕಟ್ಟಿ ಓಟು ಹಾಕಲು ಬರುತ್ತಾರೆ. ಅವರ ಬಾಕಿಯನ್ನು ಇನ್ಯಾರೋ ಕಟ್ಟಿದ್ದೂ ಉಂಟು! ಯಾರು ಕಟ್ಟುತ್ತಾರೆ, ಯಾಕೆ ಕಟ್ಟುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನೀವು ನಿಲ್ಲೋದಾದರೆ ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ವಾರವೇ ಓದಿ. ಆಕ್ಷೇಪಣೆಗೆ ಕೊಟ್ಟ ದಿನ ಮುಗಿದ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಕಾರ್ಯದರ್ಶಿ ಕೆಲಸ ಹೊರಗಿನಿಂದ ಕಾಣುವಷ್ಟು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಮೀಟಿಂಗಿನ ನೋಟಿಸು ಕಳಿಸಬೇಕು, ನಡಾವಳಿ ಬರೆಯಬೇಕು, ಪತ್ರ ವ್ಯವಹಾರ ನೋಡಬೇಕು. ಭಾನುವಾರ ಪ್ರಕಟಣೆ ಓದುವುದರಿಂದ ಸಭೆಗೆ ಅವರೇ ಯಜಮಾನರ ಥರ ಕಾಣುತ್ತಾರೆ. ನಡಾವಳಿ ಪುಸ್ತಕ ಸರಿಯಾಗಿದ್ದರೆ ಆ ಕಮಿಟಿ ಸರಿಯಾಗಿದೆ ಅಂತ ನಾನು ಅರ್ಧ ನಂಬುತ್ತೇನೆ. ಹಿಂದಿನ ಮೀಟಿಂಗಿನ ನಡಾವಳಿ ಓದಿ ಒಪ್ಪಿಗೆ ಪಡೆಯದೆ 'ಆಮೇಲೆ ಬರೀತೀನಿ' ಅನ್ನೋ ಕಾರ್ಯದರ್ಶಿ ಇದ್ದರೆ ಹುಷಾರಾಗಿರಿ. ಇನ್ನೊಂದು ಗೊತ್ತಿರಲಿ. ಮದುವೆಯ ರಿಜಿಸ್ಟರು ಕಮಿಟಿಯ ಪುಸ್ತಕ ಅಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಅದು ಮದುವೆ ನಡೆಸುವ ಪಾಲಕರ ಜವಾಬ್ದಾರಿ. ಅಯ್ಯನವರು ರಜೆಯಲ್ಲಿದ್ದಾರೆ ಅಂತ ಕಾರ್ಯದರ್ಶಿ ಅದರಲ್ಲಿ ಗೀಚುವ ಹಾಗಿಲ್ಲ.

ಖಜಾಂಚಿ ವಿಷಯಕ್ಕೆ ಸ್ವಲ್ಪ ಹೊತ್ತು ಕೂರುತ್ತೇನೆ, ಅದು ನನ್ನ ಹಳೇ ಕುರ್ಚಿ. ಭಾನುವಾರ ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲ ವೆಸ್ಟ್ರಿಗೆ (ಚರ್ಚಿನ ಪಕ್ಕದ ಕೋಣೆಗೆ) ಬರುತ್ತದೆ. ಅಲ್ಲಿ ಖಜಾಂಚಿ ಒಬ್ಬರೇ ಎಣಿಸಬಾರದು. ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಆ ದುಡ್ಡು ಇದ್ದ ಹಾಗೇ ಸೋಮವಾರ ಬ್ಯಾಂಕಿಗೆ ಹೋಗಬೇಕು. ಅದರಲ್ಲೇ ಎರಡು ಸಾವಿರ ತೆಗೆದು ಹೂವಿನವನಿಗೆ ಕೊಟ್ಟು ಉಳಿದದ್ದನ್ನು ಕಟ್ಟಿದರೆ, ಕಳ್ಳತನ ಏನೂ ಆಗದಿದ್ದರೂ ಲೆಕ್ಕ ಕೆಟ್ಟಿತು. ಹಾಳೆಯ ಮೊತ್ತಕ್ಕೂ ಬ್ಯಾಂಕಿನ ಮೊತ್ತಕ್ಕೂ ತಾಳೆ ಬೀಳಲ್ಲ. ಖರ್ಚಿಗೆ ಬೇರೆ ಸಣ್ಣ ನಗದು ಇಟ್ಟುಕೊಳ್ಳಿ, ವೋಚರ್ ಬರೆಯಿರಿ. ಚೆಕ್ಕಿಗೆ ಕನಿಷ್ಠ ಎರಡು ಸಹಿ ಇರಲಿ. ಖಾಲಿ ಚೆಕ್ಕಿಗೆ ಮುಂಚೆಯೇ ಸಹಿ ಹಾಕಿಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. 'ಅಣ್ಣ ಊರಲ್ಲಿರಲ್ಲ, ಸುಮ್ನೆ ತೊಂದರೆ ಯಾಕೆ' ಅಂತ. ಎರಡು ಸಹಿ ಇಟ್ಟ ಉದ್ದೇಶವೇ ಅಲ್ಲಿ ಹೋಯಿತು.

ಸುಗ್ಗಿ ಹಬ್ಬದ ಹರಾಜು ಗೊತ್ತಲ್ಲ. ಒಂದು ಕುಂಬಳಕಾಯಿ ಸಾವಿರಾರು ರೂಪಾಯಿಗೆ ಹೋಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೂಗಿದವರು ದುಡ್ಡು ಕೊಟ್ಟರಾ ಅಂತ ಮಾರ್ಚಿ ತಿಂಗಳಲ್ಲಿ ಯಾರೂ ಕೇಳಲ್ಲ. ಆಡಿಟ್ ಮಾಡುವಾಗ ನಾನು ಮೊದಲು ತೆಗೆಯುತ್ತಿದ್ದದ್ದು ಆ ಪಟ್ಟಿಯನ್ನೇ. ಹರಾಜಿನ ಬಾಕಿಯನ್ನು ಹಬ್ಬ ಆದ ತಿಂಗಳೊಳಗೆ ವಸೂಲಿ ಮಾಡುವ ಖಜಾಂಚಿ ಸಿಕ್ಕರೆ ಬಿಡಬೇಡಿ.

ಸಭೆಗೆ ಬಂದದ್ದೆಲ್ಲ ಸಭೆಯಲ್ಲೇ ಉಳಿಯಲ್ಲ. ಒಂದು ಪಾಲು ಡಯೋಸಿಸ್‌ಗೆ ಹೋಗುತ್ತದೆ, ಅಸೆಸ್‌ಮೆಂಟ್ ಅಂತಾರೆ. ಇದರ ಬಗ್ಗೆ ಪ್ರತಿ ಕಮಿಟಿಯಲ್ಲೂ ಗೊಣಗಾಟ ಇದ್ದೇ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಈ ಪದ್ಧತಿ ಒಳ್ಳೆಯದು. ನಗರದ ದೊಡ್ಡ ಸಭೆ ಕೊಡದಿದ್ದರೆ ಹಳ್ಳಿಯ ಹತ್ತು ಮನೆಯ ಸಭೆಗೆ ಪಾಲಕರನ್ನು ಇಡುವುದು ಕಷ್ಟ. ಕೊಟ್ಟ ಮೇಲೆ ಅದರ ಲೆಕ್ಕ ಕೇಳುವ ಹಕ್ಕೂ ಬಿಡಬೇಡಿ. ಅದನ್ನು ಕೇಳುವ ಜಾಗ ಡಯೋಸಿಸನ್ ಕೌನ್ಸಿಲ್.

ಈ ಕೌನ್ಸಿಲ್ ಬಗ್ಗೆ ನಿಮಗೆ ಯಾರೂ ಹೇಳಿರಲ್ಲ, ಆದರೆ ಪಿ.ಸಿ. ಚುನಾವಣೆ ಅಷ್ಟೊಂದು ಬಿಸಿ ಆಗುವುದಕ್ಕೆ ಅದೂ ಒಂದು ಕಾರಣ. ಪಾಲಕರೂ, ಸಭೆಗಳು ಆರಿಸಿ ಕಳಿಸಿದ ಪ್ರತಿನಿಧಿಗಳೂ ಸೇರಿ ಡಯೋಸಿಸನ್ ಕೌನ್ಸಿಲ್ ಆಗುತ್ತದೆ. ಡಯೋಸಿಸ್‌ನ ಪದಾಧಿಕಾರಿಗಳನ್ನು ಆರಿಸುವುದು ಅವರೇ. ಬಿಷಪ್ ಸ್ಥಾನ ಖಾಲಿಯಾದರೆ ಹೆಸರುಗಳ ಪಟ್ಟಿಯನ್ನು ಓಟು ಹಾಕಿ ಆರಿಸಿ ಕಳಿಸುವುದೂ ಅವರೇ. ಅಂತಿಮ ಆಯ್ಕೆ ಚೆನ್ನೈಯಲ್ಲಿ ಕಚೇರಿ ಇರುವ, ಇಡೀ ಸಿ.ಎಸ್.ಐ.ಗೆ ಮೇಲಿನ ಮಂಡಳಿಯಾದ ಸಿನಡ್ ಮಟ್ಟದಲ್ಲಿ ಆಗುತ್ತದೆ. ಅಂದರೆ ನಿಮ್ಮ ಸಭೆಯಿಂದ ಹೋದ ಒಬ್ಬ ಪ್ರತಿನಿಧಿಯ ಓಟು, ಇಡೀ ಡಯೋಸಿಸ್‌ನ ಶಾಲೆ, ಆಸ್ಪತ್ರೆ, ಹಾಸ್ಟೆಲ್ ಯಾರ ಕೈಗೆ ಹೋಗಬೇಕು ಅನ್ನುವವರೆಗೂ ಮುಟ್ಟುತ್ತದೆ. ಚಂದಾ ಬಾಕಿ ಯಾರೋ ಕಟ್ಟುತ್ತಾರೆ ಅಂದೆನಲ್ಲ, ಅದರ ದಾರಿ ಹುಡುಕಿಕೊಂಡು ಹೋದರೆ ಎಷ್ಟೋ ಸಲ ಇಲ್ಲಿಗೇ ಬಂದು ನಿಲ್ಲುತ್ತದೆ.

ಜಾಗದ ವಿಷಯ. ಸಿ.ಎಸ್.ಐ. ಆಸ್ತಿಗಳನ್ನು ಹಿಡಿದುಕೊಂಡಿರುವುದು ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್, 1947ರಲ್ಲೇ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ. ಪಿ.ಸಿ. ಸುಣ್ಣ ಬಣ್ಣ ಮಾಡಿಸಬಹುದು, ಸೋರುವ ಚಾವಣಿ ರಿಪೇರಿ ಮಾಡಿಸಬಹುದು. ಮಾರುವುದು, ಅಡವಿಡುವುದು, ಲೀಸಿಗೆ ಕೊಡುವುದು ಅದರ ಕೈಲಿಲ್ಲ. ಬೆಂಗಳೂರಿನ ಜಾಗದ ಬೆಲೆ ನಿಮಗೆ ಗೊತ್ತೇ ಇದೆ. ಕಮಿಟಿಗೆ ಬಂದ ಮೇಲೆ ಯಾವತ್ತೋ ಒಬ್ಬ ಸಭ್ಯ ಮನುಷ್ಯ ಕಾಫಿಗೆ ಕರೆದು, 'ಸಾರ್, ಕಾಂಪೌಂಡಿನ ಹಿಂದಿನ ಜಾಗ ಸುಮ್ನೆ ಬಿದ್ದಿದೆಯಲ್ಲ' ಅಂತ ಮಾತು ತೆಗೆಯಬಹುದು. 'ಅದು ನಮ್ಮ ಹೆಸರಲ್ಲಿಲ್ಲ' ಅಂತ ಹೇಳಿ ಕಾಫಿ ದುಡ್ಡು ನೀವೇ ಕೊಟ್ಟು ಬನ್ನಿ.

ಭಾಷೆಯ ಮಾತನ್ನೂ ಮುಚ್ಚಿಡುವುದು ಬೇಡ. ಒಂದೇ ಕಾಂಪೌಂಡಿನಲ್ಲಿ ಬೆಳಿಗ್ಗೆ ಇಂಗ್ಲಿಷ್, ಆಮೇಲೆ ಕನ್ನಡ, ಸಂಜೆ ತಮಿಳೋ ತೆಲುಗೋ ಆರಾಧನೆ ನಡೆಯುವ ಚರ್ಚುಗಳು ನಮ್ಮ ಊರಲ್ಲಿವೆ. ಕಮಿಟಿ ಒಂದೇ ಇದ್ದರೆ ಯಾವ ಭಾಷೆಯವರು ಎಷ್ಟು ಜನ ಅನ್ನುವ ತಕ್ಕಡಿ, ಬೇರೆ ಬೇರೆ ಇದ್ದರೆ ಕರೆಂಟ್ ಬಿಲ್ಲು ಯಾರು ಕಟ್ಟಬೇಕು ಅನ್ನುವ ತಕ್ಕಡಿ. ಹಾಲ್ ಬುಕಿಂಗ್, ಪಾರ್ಕಿಂಗ್, ಕ್ರಿಸ್‌ಮಸ್ ರಾತ್ರಿಯ ಸಮಯ, ಎಲ್ಲವನ್ನೂ ವರ್ಷದ ಶುರುವಿನಲ್ಲೇ ಬರೆದಿಟ್ಟುಕೊಂಡ ಕಡೆ ಜಗಳ ಕಮ್ಮಿ. ಬಾಯಿಮಾತಿನ ಒಪ್ಪಂದ ಪಾಲಕರು ಬದಲಾದ ಕೂಡಲೇ ಮರೆತು ಹೋಗುತ್ತದೆ.

ಇನ್ನು ನಿಮ್ಮ ಮನೆಯವರ ಧರ್ಮಕೇಂದ್ರ. ಅವರು ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ಕ್ಯಾಥೊಲಿಕ್ ಸಭೆಯಲ್ಲಿ ಶ್ರೀಸಾಮಾನ್ಯರ ಪಾತ್ರಕ್ಕೆ ಹೊಸ ಒತ್ತು ಸಿಕ್ಕಿದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಿಂದ. ಅದರ ಮೇಲೆ 1983ರಲ್ಲಿ ಸಭೆಯ ಕಾನೂನು ಸಂಹಿತೆ ಹೊಸದಾಗಿ ಬಂತು. ಅದರ 536ನೇ ವಿಧಿ ಪಾಲನಾ ಪರಿಷತ್ತಿನದು. ಧರ್ಮಾಧ್ಯಕ್ಷರು (ಬಿಷಪ್ಪರು) ತಮ್ಮ ಗುರುಗಳ ಮಂಡಳಿಯನ್ನು ಕೇಳಿ ಸರಿ ಅನ್ನಿಸಿದರೆ ಪ್ರತಿ ಧರ್ಮಕೇಂದ್ರದಲ್ಲೂ ಪರಿಷತ್ತು ಇರಬೇಕು ಅನ್ನಬಹುದು. ಆದರೆ ಅದಕ್ಕೆ ಸಲಹೆಯ ಮತ ಮಾತ್ರ. ಧರ್ಮಕೇಂದ್ರದ ಗುರುಗಳೇ ಅದರ ಅಧ್ಯಕ್ಷರು. ಕಾನೂನಿನ ವ್ಯವಹಾರಗಳಲ್ಲಿ ಧರ್ಮಕೇಂದ್ರದ ಪರವಾಗಿ ನಿಲ್ಲುವವರೂ ಅವರೇ ಅಂತ 532ನೇ ವಿಧಿ ಹೇಳುತ್ತದೆ. ವಲಯಗಳಿಂದ, ಕಿರು ಕ್ರೈಸ್ತ ಸಮುದಾಯಗಳಿಂದ ಬಂದ ಪ್ರತಿನಿಧಿಗಳೆಲ್ಲ ಕೈ ಎತ್ತಿದರೂ ಸ್ವಾಮಿಗಳು ಬೇರೆ ತೀರ್ಮಾನ ತಗೊಳ್ಳಬಹುದು.

ಆದರೆ ಮುಂದಿನ 537ನೇ ವಿಧಿಯನ್ನೂ ಓದಬೇಕು. ಹಣಕಾಸು ಸಮಿತಿ ಅಲ್ಲಿ ಐಚ್ಛಿಕ ಅಲ್ಲ, ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಅಂತ 1287ನೇ ವಿಧಿಯೂ ಇದೆ. ಹಾಗಾಗಿ ನಿಮ್ಮ ಮನೆಯವರು 'ನಮಗೆ ಓಟು ಯಾಕಿಲ್ಲ' ಅಂತ ಕೇಳಿದರೆ ಉತ್ತರ ಸಿಗಲ್ಲ. 'ಹಣಕಾಸು ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಹೋದ ವರ್ಷದ ಲೆಕ್ಕ ಎಲ್ಲಿ ಹಾಕಿದ್ದೀರಿ' ಅಂತ ಮರ್ಯಾದೆಯಿಂದ ಕೇಳಿದರೆ ಸ್ವಾಮಿಗಳು ಉತ್ತರ ಕೊಡಲೇಬೇಕು. ಎಷ್ಟೋ ಕಡೆ ಸಂತೋಷವಾಗಿ ಕೊಡುತ್ತಾರೆ. ಸಲಹೆಯ ಮತ ಅಂದರೆ ಬೆಲೆ ಇಲ್ಲದ್ದು ಅಂತಲೂ ಅಲ್ಲ. ಪರಿಷತ್ತನ್ನು ಎದುರು ಹಾಕಿಕೊಂಡು ಜಾತ್ರೆ ಮಾಡೋಕೆ ಯಾವ ಗುರುಗಳಿಂದಲೂ ಆಗಲ್ಲ. ತೇರು ಎಳೆಯಲು ಜನ ಬೇಕು.

ತಂಗಿಯ ಸಭೆಯ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದ ಹೇಳುತ್ತೇನೆ. ಸ್ವತಂತ್ರ ಸಭೆ ಅಂದ ಮಾತ್ರಕ್ಕೆ ಅನುಮಾನ ಬೇಡ. ಬ್ಯಾಪ್ಟಿಸ್ಟರ ಸಭೆಗಳೂ ಒಂದರ್ಥದಲ್ಲಿ ಸ್ವತಂತ್ರವೇ. ಅಲ್ಲಿ ಪಾಸ್ಟರನ್ನು ಕರೆಯುವುದು ಸದಸ್ಯರು, ದಿನದ ವ್ಯವಹಾರ ನೋಡುವುದು ಡೀಕನ್‌ಗಳು. ಬ್ರದರನ್ ಕೂಟಗಳಲ್ಲಿ ಸಂಬಳದ ಪಾಸ್ಟರೇ ಇಲ್ಲದೆ ಹಿರಿಯರೇ ನಡೆಸುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ನೆನಪಿದೆಯಾ? ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂತು. ಅಪೊಸ್ತಲರು ಏಳು ಜನರನ್ನು ಆರಿಸಿಕೊಳ್ಳಿ ಅಂತ ಸಭೆಗೇ ಬಿಟ್ಟರು. ಅಂದರೆ ಬೋಧಿಸುವವರು ಬೇರೆ, ಹಂಚುವವರು ಬೇರೆ ಅನ್ನೋ ಏರ್ಪಾಡು ಅಷ್ಟು ಹಳೆಯದು.

ಹೊಸ ಸ್ವತಂತ್ರ ಸಭೆಗಳು ಸಾಮಾನ್ಯವಾಗಿ ಟ್ರಸ್ಟ್ ಆಗಿರುತ್ತವೆ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಆಗಿರುತ್ತವೆ. ಸಂಘ ಆದರೆ ಸದಸ್ಯರ ಪಟ್ಟಿ ಇರುತ್ತದೆ, ವಾರ್ಷಿಕ ಮಹಾಸಭೆ ನಡೆಯಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕವನ್ನು ರಿಜಿಸ್ಟ್ರಾರ್‌ಗೆ ಕೊಡಬೇಕು. ಟ್ರಸ್ಟ್ ಆದರೆ ಟ್ರಸ್ಟ್ ಡೀಡ್‌ನಲ್ಲಿ ಏನಿದೆಯೋ ಅದೇ. ಆರಾಧನೆಗೆ ಬರುವ ಐನೂರು ಜನ ಅದರ ಸದಸ್ಯರಲ್ಲ. ಡೀಡ್‌ನಲ್ಲಿ ಪಾಸ್ಟರು, ಅವರ ಹೆಂಡತಿ, ಅವರ ಭಾಮೈದ ಮೂರೇ ಹೆಸರಿದ್ದರೆ ಆ ಮೂವರೇ ಕಮಿಟಿ. ತಂಗಿಗೆ ಕಮಿಟಿ ಕಾಣದಿರುವುದಕ್ಕೆ ಇದೇ ಕಾರಣ ಇರಬಹುದು. ಅದು ಕಾನೂನಿಗೆ ವಿರುದ್ಧ ಅಲ್ಲ. ಆದರೆ ನಾನಾದರೆ ಅಲ್ಲಿ ದಶಮಾಂಶ ಕೊಡುವ ಮುಂಚೆ, ಕುಟುಂಬದ ಹೊರಗಿನ ಒಬ್ಬರಾದರೂ ಟ್ರಸ್ಟಿ ಇದ್ದಾರಾ ಅಂತ ಕೇಳುತ್ತೇನೆ. ಇನ್ನೂ ಸುಲಭವಾದ ಪರೀಕ್ಷೆ ಇದೆ. ಭಾನುವಾರ ಪರದೆ ಮೇಲೆ ಹಾಕುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ದುಡ್ಡು ಕಳಿಸುವ ಮುಂಚೆ ಫೋನಿನಲ್ಲಿ ಹೆಸರು ಬರುತ್ತಲ್ಲ, ಅದು ಸಭೆಯ ಹೆಸರಾ, ಒಬ್ಬ ವ್ಯಕ್ತಿಯ ಹೆಸರಾ ನೋಡಲಿ.

ಇದಕ್ಕೆ ಸೇರಿದ ಇನ್ನೊಂದು ವಿಷಯ ಇದೆ. ಇದು ನಿಮ್ಮ ಕಮಿಟಿಗೂ ಬರುತ್ತದೆ. ಅಮೆರಿಕದಲ್ಲಿರುವ ಯಾರದ್ದೋ ಮಗ, ತಾಯಿಯ ನೆನಪಿಗೆ ಚರ್ಚಿಗೆ ಹೊಸ ಆರ್ಗನ್ ಕೊಡಿಸುತ್ತೇನೆ ಅಂತಾನೆ. ಅವನ ಪಾಸ್‌ಪೋರ್ಟ್ ಇನ್ನೂ ಭಾರತದ್ದಾದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅವನು ಅಲ್ಲಿನ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇದ್ದವರು ಮಾತ್ರ ತಗೊಳ್ಳಬಹುದು, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು. 'ನಮ್ಮ ಹುಡುಗನೇ ತಾನೇ' ಅಂತ ಸಭೆಯ ಸಾಮಾನ್ಯ ಖಾತೆಗೆ ಹಾಕಿಸಿಕೊಂಡರೆ ಖಜಾಂಚಿಯ ತಲೆ ಮೇಲೆ ಬರುತ್ತದೆ.

ನೀವು ನಿಲ್ಲಬೇಕಾ? ನಿಲ್ಲಿ ಅಂತಲೇ ಹೇಳುತ್ತೇನೆ. ಆದರೆ ಒತ್ತಾಯ ಮಾಡುತ್ತಿರುವ ಹಿರಿಯರು ಯಾಕೆ ಒತ್ತಾಯ ಮಾಡುತ್ತಿದ್ದಾರೆ ಅಂತ ಮೊದಲು ತಿಳಿದುಕೊಳ್ಳಿ. ನಿಮ್ಮ ಕೆಲಸ ನೋಡಿ ಕರೆದರೆ ಸಂತೋಷ. ಇನ್ನೊಬ್ಬರ ವಿರುದ್ಧ ಒಂದು ಹೆಸರು ಬೇಕಿತ್ತು ಅಂತ ಕರೆದರೆ, ಗೆದ್ದ ಮೇಲೂ ನಿಮ್ಮನ್ನು ಆ ಬಣದವರು ಅಂತಲೇ ನೋಡುತ್ತಾರೆ. ನಾಮಪತ್ರಕ್ಕೆ ಸಹಿ ಹಾಕುವ ಮುಂಚೆ ಹೋದ ವರ್ಷದ ಆಡಿಟ್ ಆದ ಲೆಕ್ಕ ಕೇಳಿ ಓದಿ. ನಿಮ್ಮ ಮನೆಯವರು ಯಾರಾದರೂ ಚರ್ಚಿಗೆ ಕಾಂಟ್ರಾಕ್ಟ್ ಮಾಡುತ್ತಿದ್ದರೆ, ಶಾಮಿಯಾನ ಹಾಕುತ್ತಿದ್ದರೆ, ಊಟದ ವ್ಯವಸ್ಥೆ ನೋಡುತ್ತಿದ್ದರೆ ಅದನ್ನು ಮೊದಲ ಮೀಟಿಂಗಿನಲ್ಲೇ ಹೇಳಿ ನಡಾವಳಿಯಲ್ಲಿ ಬರೆಸಿ, ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಿ.

ಅಯ್ಯನವರ ಜೊತೆ ಭಿನ್ನಾಭಿಪ್ರಾಯ ಬರುತ್ತದೆ, ಬಂದೇ ಬರುತ್ತದೆ. ಪ್ರಸಂಗ ಉದ್ದ ಆಯಿತು ಅನ್ನೋದು ಕಮಿಟಿಯ ವಿಷಯ ಅಲ್ಲ. ಒಪ್ಪಿಗೆ ಇಲ್ಲದೆ ಖರ್ಚು ಆಯಿತು ಅನ್ನೋದು ಕಮಿಟಿಯ ವಿಷಯ. ಎರಡನೆಯದನ್ನು ಮೀಟಿಂಗಿನಲ್ಲಿ ಹೇಳಿ, ಬರೆಸಿ, ಸರಿಹೋಗದಿದ್ದರೆ ಬಿಷಪ್ಪರಿಗೆ ಬರೆಯಿರಿ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಮೇಯೋ ಹಾಲ್ ಕೋರ್ಟಿಗೆ ಹೋಗುವ ಮಾತನ್ನಂತೂ ಕೊನೆಗೆ ಇಟ್ಟುಕೊಳ್ಳಿ. ಚರ್ಚಿನ ಕೇಸು ನಡೆಯುವಷ್ಟು ಕಾಲ ಖರ್ಚೂ ನಡೆಯುತ್ತದೆ, ಅದನ್ನು ಕೊಡುವುದು ನಿಮ್ಮ ಸಭೆಯವರ ಕಾಣಿಕೆಯೇ.

ಡಯೋಸಿಸ್‌ನ ನಿಯಮಾವಳಿ ಓದದೆ ನಾಮಪತ್ರ ಕೊಡಬೇಡಿ. ನಿಮ್ಮ ಕಾರ್ಯದರ್ಶಿ ಹತ್ತಿರ ಒಂದು ಪ್ರತಿ ಇರಬೇಕು. 'ಎಲ್ಲೋ ಇಟ್ಟಿದ್ದೀನಿ' ಅಂದರೆ ಮಿಷನ್ ರೋಡಿನ ಸಿ.ಎಸ್.ಐ. ಕಾಂಪೌಂಡಿನಲ್ಲಿ ಡಯೋಸಿಸ್ ಕಚೇರಿ ಇದೆ, ವಾರದ ದಿನ ಬೆಳಿಗ್ಗೆ ಹೋಗಿ ಕೇಳಿ. ಪಾಸ್ಟರೇಟ್ ಕಮಿಟಿಯ ಅಧ್ಯಾಯ ಕೆಲವೇ ಪುಟ, ಬಸ್ಸಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಓದಿ ಮುಗಿಯುತ್ತದೆ.